ಚುಕ್ಕಾಣಿಯ ಮಾತು ಕೇಳದ ದೋಣಿ

ಬಿಡುವಿನ ಕೈಗೆಲಸ

ಡೊಂಬಿವಲಿಯಿಂದ ವಾಚಕರೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ದೀಪಾವಳಿ ರಜೆಯಿಂದ ಹಿಡಿದು ಸಂಕ್ರಾಂತಿಯವರೆಗೆ ಕುಳಿತು ಬಂದರಿನ ಟಗ್ ದೋಣಿಯ ಮಾದರಿಯೊಂದನ್ನು ಮಾಡಿದನಂತೆ. ಅರವತ್ತು ಸೆಂಟಿಮೀಟರು ಉದ್ದ. ಒಂದು ಮೋಟಾರು, ಒಂದು ಪ್ರೊಪೆಲ್ಲರು, ಒಂದು ಚುಕ್ಕಾಣಿ. ದಡದಲ್ಲಿ ನಿಂತು ರೇಡಿಯೋದಿಂದ ನಡೆಸುವಂಥದು. ಬಣ್ಣವೂ ಚೆನ್ನಾಗಿ ಬಂದಿದೆ. ಆದರೆ ನೀರಿಗೆ ಬಿಟ್ಟರೆ ಹೇಳಿದ ಮಾತು ಕೇಳದು. ನೇರ ಹೋಗೆಂದರೆ ಹಾವಿನಂತೆ ಹೊರಳುತ್ತದೆ, ತಿರುಗೆಂದರೆ ಅರ್ಧ ಕೊಳವನ್ನು ಸುತ್ತಿ ಬರುತ್ತದೆ. "ಹುಡುಗ ಹೆಚ್ಚು ಬಲದ ಸರ್ವೋ ಬೇಕು, ಹೊಸ ರೇಡಿಯೋ ಬೇಕು ಎನ್ನುತ್ತಾನೆ. ಈಗಾಗಲೇ ಖರ್ಚು ಕೈಮೀರಿದೆ. ದೋಣಿ ಕಪಾಟಿನ ಮೇಲೆ ಏರಿ ತಿಂಗಳಾಯಿತು. ಹುಡುಗ ಮಂಕಾಗಿದ್ದಾನೆ. ಇನ್ನೂ ಹಣ ಸುರಿಯುವುದೋ, ಇಲ್ಲಿಗೇ ಕೈಬಿಡುವುದೋ, ತಿಳಿಸಿ" ಎಂಬುದು ಪತ್ರದ ಸಾರಾಂಶ.

ಎರಡೂ ಬೇಡವೆಂಬುದು ನನ್ನ ಉತ್ತರ. ಮೂರು ತಿಂಗಳು ಪಟ್ಟು ಹಿಡಿದು ಕುಳಿತು ದೋಣಿ ಕಟ್ಟಿದ ಹುಡುಗನನ್ನು ಈಗ ಕೈಬಿಡಬಾರದು. ಹಾಗೆಂದು ಅಂಗಡಿಗೆ ಓಡಬೇಕಾದ್ದೂ ಇಲ್ಲ. ದೋಣಿಯನ್ನು ತಿರುಗಿಸುವುದು ಸರ್ವೋ ಅಲ್ಲ, ನೀರು. ನಮ್ಮ ಬೆರಳಿನ ಆಜ್ಞೆ ನೀರಿನವರೆಗೆ ಪೂರ್ತಿಯಾಗಿ ತಲುಪುತ್ತಿದೆಯೇ, ತಲುಪಿದ ಮೇಲೆ ನೀರು ಅದನ್ನು ನಡೆಸಿಕೊಡುವಂತಿದೆಯೇ, ಇವೆರಡನ್ನು ಮೊದಲು ಪರೀಕ್ಷಿಸಬೇಕು. ಸಾಮಾನ್ಯವಾಗಿ ದೋಷ ಇಲ್ಲಿಯೇ ಸಿಕ್ಕುತ್ತದೆ. ಅದನ್ನು ಸರಿಪಡಿಸಲು ಒಂದು ಸೈಕಲ್ ಕಡ್ಡಿ, ಒಂದು ಬರಿದಾದ ರಿಫಿಲ್ಲು, ಒಂದು ಆದಿತ್ಯವಾರ ಸಾಕು.

ಇದನ್ನು ಮಕ್ಕಳಾಟವೆಂದು ಹಿರಿಯರು ತಳ್ಳಿಹಾಕಬಾರದು. ತಂತಿಯಿಲ್ಲದೆ ದೂರದಿಂದ ನಡೆಸುವ ಯಂತ್ರಗಳ ಇತಿಹಾಸದ ಆರಂಭದಲ್ಲೇ ಒಂದು ಪುಟ್ಟ ದೋಣಿ ನಿಂತಿದೆ. ೧೮೯೮ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಅದನ್ನು ಜನರಿಗೆ ನಡೆಸಿ ತೋರಿಸಿದನು. ಅದೇ ವರ್ಷದ ನವೆಂಬರ್ ೮ರಂದು ಅದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು. ಅವನು ತೋರಿಸಿದ ಅದ್ಭುತದಲ್ಲಿ ಮುಖ್ಯವಾದುದು, ಯಾರೂ ಮುಟ್ಟದೆ ಚುಕ್ಕಾಣಿ ತಿರುಗಿದ್ದು. ನಮ್ಮ ಡೊಂಬಿವಲಿಯ ಹುಡುಗ ಮಾಡಬೇಕೆಂದಿರುವುದೂ ಅದನ್ನೇ.

ಮೊದಲು ಆಜ್ಞೆಯ ದಾರಿಯನ್ನು ನೋಡೋಣ. ಕೈಯಲ್ಲಿ ಹಿಡಿದ ಪೆಟ್ಟಿಗೆಯ ಕಡ್ಡಿಯನ್ನು ಸರಿಸಿದೊಡನೆ ಅದು ರೇಡಿಯೋ ಸಂಕೇತವಾಗಿ ದೋಣಿಯೊಳಗಿನ ರಿಸೀವರನ್ನು ಸೇರುತ್ತದೆ. ರಿಸೀವರು ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಸಲ ಸರ್ವೋವಿಗೆ ಒಂದೊಂದು ವಿದ್ಯುತ್ತಿನ ಮಿಡಿತ ಕಳುಹಿಸುತ್ತದೆ. ಮಿಡಿತ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಇದ್ದರೆ ಸರ್ವೋವಿನ ತೋಳು ಒಂದು ಪಕ್ಕಕ್ಕೆ, ಎರಡು ಭಾಗದಷ್ಟಿದ್ದರೆ ಇನ್ನೊಂದು ಪಕ್ಕಕ್ಕೆ, ಒಂದೂವರೆಯಾದರೆ ನಡುವಿಗೆ ಬಂದು ನಿಲ್ಲುತ್ತದೆ. ಇಷ್ಟರವರೆಗೆ ಇಂದಿನ ಸಾಮಾನ್ಯ ಬೆಲೆಯ ಉಪಕರಣಗಳೂ ತಕ್ಕಮಟ್ಟಿಗೆ ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತವೆ. ಸಾಹೇಬರ ಹುಕುಂ ಕಾಗದದ ಮೇಲೆ ಸರಿಯಾಗಿಯೇ ಹೊರಡುತ್ತದೆ. ಮೇಜಿನಿಂದ ಮೇಜಿಗೆ ಸಾಗುವಾಗ ಅದರ ಬಿಸಿ ಆರುತ್ತದೆ. ದೋಣಿಯಲ್ಲಿಯೂ ಸರ್ವೋವಿನಿಂದ ಚುಕ್ಕಾಣಿಯವರೆಗಿನ ಆ ಒಂದು ಗೇಣು ದಾರಿಯಲ್ಲೇ ಆಜ್ಞೆ ಕರಗುವುದು.

ಇದಕ್ಕೊಂದು ಪರೀಕ್ಷೆ ಉಂಟು. ರೇಡಿಯೋ ಹಾಕಿ, ಸರ್ವೋ ನಡುವಿನಲ್ಲಿ ನಿಂತಿರುವಾಗ, ಚುಕ್ಕಾಣಿಯ ಅಲಗಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ. ಜೋರು ಮಾಡಬೇಡಿ, ಸರ್ವೋವಿನ ಹಲ್ಲು ಮುರಿದೀತು. ಅಲಗು ಎರಡು ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ದೋಣಿ ಎಂದಿಗೂ ನೇರ ಹೋಗಲಾರದು. ಆ ಸಡಿಲಿನಷ್ಟು ಜಾಗದಲ್ಲಿ ಚುಕ್ಕಾಣಿ ನಮ್ಮದಲ್ಲ, ನೀರಿನದು. ಹುಡುಗ ಎಡಕ್ಕೆ ತಿದ್ದುವನು, ಸಡಿಲು ಮುಗಿಯುವವರೆಗೆ ಏನೂ ಆಗದು, ಇನ್ನಷ್ಟು ತಿದ್ದುವನು, ಆಗ ದೋಣಿ ಒಮ್ಮೆಲೇ ಹೊರಳುವುದು. ಪತ್ರದಲ್ಲಿ ಹೇಳಿರುವ ಹಾವಿನ ನಡೆ ಬಹುಮಟ್ಟಿಗೆ ಇದರಿಂದಲೇ ಹುಟ್ಟಿರಬೇಕು. ಹೆಚ್ಚು ಬಲದ ಸರ್ವೋ ಹಾಕಿದರೆ ಅದು ಅದೇ ಸಡಿಲನ್ನು ಹೆಚ್ಚು ಬಲದಿಂದ ಎಳೆದೀತು, ಅಷ್ಟೆ.

ಸಡಿಲು ಇರುವ ಸ್ಥಳಗಳು ಮೂರು. ತೋಳಿನ ತೂತು ತಂತಿಗಿಂತ ದೊಡ್ಡದಾಗಿರುವುದು ಮೊದಲನೆಯದು. ತಂತಿಯ ದಪ್ಪಕ್ಕೆ ಸರಿಯಾಗಿ ಹೊಸ ತೂತು ಕೊರೆದು, ತಂತಿಯ ತುದಿಯನ್ನು ಎರಡು ಸಲ ಎದುರುಬದುರಾಗಿ ಬಗ್ಗಿಸಿ ತೂರಿಸಿದರೆ ಅದು ಹೋಗುತ್ತದೆ. ಉದ್ದ ತಂತಿ ತಳ್ಳುವಾಗ ನಡುವೆ ಬಿಲ್ಲಿನಂತೆ ಬಾಗುವುದು ಎರಡನೆಯದು. ಸುಮಾರು ಎರಡು ಮಿಲಿಮೀಟರು ದಪ್ಪದ ಸೈಕಲ್ ಕಡ್ಡಿ ಇದಕ್ಕೆ ಲೇಸು. ತೆಳು ತಂತಿಯೇ ಇದ್ದರೆ ಬರಿದಾದ ಬಾಲ್‌ಪೆನ್ನಿನ ರಿಫಿಲ್ಲಿನ ತುಂಡನ್ನು ದೋಣಿಯ ಒಡಲಿಗೆ ಅಂಟಿಸಿ ಅದರೊಳಗೆ ತಂತಿಯನ್ನು ಹಾಯಿಸಿರಿ. ಮೂರನೆಯದು, ಚುಕ್ಕಾಣಿಯ ದಂಡ ತನ್ನ ಕೊಳವೆಯಲ್ಲಿ ಗಡಗಡ ಆಡುವುದು. ತುಸು ಗ್ರೀಸು ತುಂಬಿದರೆ ನೀರೂ ಒಳಗೆ ಬಾರದು, ಆಟವೂ ಕೊಂಚ ತಗ್ಗುತ್ತದೆ. ತಗ್ಗದಿದ್ದರೆ ದಂಡಕ್ಕೆ ಸರಿಯಾಗಿ ಕೂರುವ ಹಿತ್ತಾಳೆಯ ಕೊಳವೆ ಹಾಕಬೇಕು.

ಸಡಿಲು ಹೋದ ಮೇಲೆ ನಡು ಮತ್ತು ಕೋನ. ಸರ್ವೋ ನಡುವಿನಲ್ಲಿದ್ದಾಗ ಅದರ ತೋಳು ತಂತಿಗೆ ಕಾಟಕೋನವಾಗಿ ನಿಲ್ಲಬೇಕು, ಚುಕ್ಕಾಣಿಯೂ ದೋಣಿಯ ನಡುಗೆರೆಗೆ ಸರಿಯಾಗಿರಬೇಕು. ಇಲ್ಲವಾದರೆ ಎಡಕ್ಕೆ ಒಂದಳತೆ, ಬಲಕ್ಕೆ ಇನ್ನೊಂದಳತೆ ತಿರುಗೀತು. ಇದನ್ನು ತಂತಿಯ ಉದ್ದದಿಂದಲೇ ಸರಿಪಡಿಸತಕ್ಕದ್ದು. ಪೆಟ್ಟಿಗೆಯ ಮೇಲಿನ ಟ್ರಿಮ್ ಗುಂಡಿ ಕೊಳದ ದಂಡೆಯಲ್ಲಿ ಕೂದಲೆಳೆಯಷ್ಟು ತಿದ್ದಲು ಇರುವುದು, ಮನೆಯಲ್ಲಿ ಮಾಡಬೇಕಾದ ಕೆಲಸವನ್ನು ಮುಚ್ಚಿಡಲು ಅಲ್ಲ.

ಕೋನವೆಷ್ಟಿರಬೇಕು? "ಹೆಚ್ಚು ತಿರುಗಿಸಿದಷ್ಟೂ ಹೆಚ್ಚು ತಿರುಗುತ್ತದೆ" ಎಂದು ಹುಡುಗರು ಚುಕ್ಕಾಣಿಯನ್ನು ಅಡ್ಡಬಾಗಿಲಿನಂತೆ ನಿಲ್ಲಿಸುವುದುಂಟು. ಅಡಿಗೆಮನೆಯ ನಲ್ಲಿಯ ಕೆಳಗೆ ಮರದ ಅಡಿಪಟ್ಟಿಯೊಂದನ್ನು ಹಿಡಿದು ನೋಡಿ. ತುಸು ಓರೆಯಾಗಿ ಹಿಡಿದರೆ ನೀರಿನ ಧಾರೆ ಅದಕ್ಕೆ ಅಂಟಿಕೊಂಡು ಹರಿದು ದಿಕ್ಕು ಬದಲಿಸುತ್ತದೆ. ಪೂರಾ ಅಡ್ಡ ಹಿಡಿದರೆ ನಾಲ್ಕೂ ಕಡೆ ಚಿಮ್ಮಿ ನಿಮ್ಮನ್ನೇ ನೆನೆಸುತ್ತದೆ. ಚುಕ್ಕಾಣಿಯ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ನೀರು ಅದರ ಮೈಗೆ ಹತ್ತಿ ಹರಿಯುವವರೆಗೆ ಅದಕ್ಕೆ ಪಕ್ಕದ ಬಲ ಬರುತ್ತದೆ. ಕೋನ ಮಿತಿಮೀರಿದರೆ ನೀರು ಬಿಟ್ಟುಹೋಗಿ ಸುಳಿಯೆದ್ದು, ಚುಕ್ಕಾಣಿ ಬರಿಯ ಬ್ರೇಕಾಗುತ್ತದೆ. ದೊಡ್ಡ ಹಡಗುಗಳಲ್ಲಿಯೂ ಸಾಮಾನ್ಯವಾಗಿ ಪ್ರತಿ ಪಕ್ಕಕ್ಕೆ ೩೫ ಡಿಗ್ರಿಯೇ ಎಲ್ಲೆ. ನಮಗೂ ಅಷ್ಟು ಸಾಕು. ಸರ್ವೋ ಪ್ರತಿ ಪಕ್ಕಕ್ಕೆ ೪೫ ಡಿಗ್ರಿ ತಿರುಗುವುದಾದರೆ, ಅದರ ತೋಳಿನಲ್ಲಿ ನಡುವಿನಿಂದ ೧೦ ಮಿಲಿಮೀಟರು ದೂರದ ತೂತಿಗೂ ಚುಕ್ಕಾಣಿಯ ತೋಳಿನಲ್ಲಿ ೧೨ ಮಿಲಿಮೀಟರು ದೂರದ ತೂತಿಗೂ ತಂತಿ ಸಿಕ್ಕಿಸಿದಾಗ ಹತ್ತಿರ ಹತ್ತಿರ ಈ ಕೋನವೇ ಬರುತ್ತದೆ. ಚುಕ್ಕಾಣಿಯ ಕಡೆ ೧೫ ಮಾಡಿದರೆ ೨೮ ಡಿಗ್ರಿ. ರೇಖಾಗಣಿತ ಓದುವ ಹುಡುಗ ಇದನ್ನು ಕಾಗದದ ಮೇಲೆ ಎಳೆದು ನೋಡಲಿ. ಪಾಠ ಎಲ್ಲಿ ಉಪಯೋಗಕ್ಕೆ ಬರುವುದೆಂದು ಕೇಳುವ ಪ್ರಮೇಯವೇ ಬಾರದು.

ಆಜ್ಞೆ ಚುಕ್ಕಾಣಿಗೆ ಮುಟ್ಟಿತು. ಇನ್ನು ನೀರಿನ ಪಾಲಿನ ಕೆಲಸ.

ಟಗ್ ದೋಣಿ ಅರ್ಧ ಕೊಳ ಸುತ್ತುವುದಕ್ಕೆ ಚಿಕ್ಕ ಚುಕ್ಕಾಣಿ ಕಾರಣವಿರಬಹುದು. ನಿಜವಾದ ಹಡಗಿನ ನಕ್ಷೆಯನ್ನು ಕುಗ್ಗಿಸಿ ಮಾಡಿದ ಚುಕ್ಕಾಣಿ ನೋಟಕ್ಕೆ ಸರಿಯಾದರೂ ಚಿಕ್ಕ ಕೊಳದ ಚುರುಕು ತಿರುವುಗಳಿಗೆ ಸಾಲದು. ದೋಣಿಯ ಉದ್ದವನ್ನು ಅದು ನೀರಿನಲ್ಲಿ ಮುಳುಗುವ ಆಳದಿಂದ ಗುಣಿಸಿದರೆ ಬರುವ ಅಳತೆಯಲ್ಲಿ ಐವತ್ತು ಅರವತ್ತನೆಯ ಒಂದು ಪಾಲು ದೊಡ್ಡ ಸರಕು ಹಡಗಿನ ಚುಕ್ಕಾಣಿ ಇರುತ್ತದೆ. ಬಂದರಿನೊಳಗೆ ಮೇಲಿಂದ ಮೇಲೆ ತಿರುಗಬೇಕಾದ ದೋಣಿಗಳಿಗೆ ಇನ್ನೂ ಹೆಚ್ಚು. ನಮ್ಮ ಟಗ್ಗು ೬೦ ಸೆಂಟಿಮೀಟರು ಉದ್ದವಿದ್ದು ೭ ಸೆಂಟಿಮೀಟರು ಮುಳುಗುವುದೆಂದರೆ ಗುಣಲಬ್ಧ ೪೨೦. ಐವತ್ತನೆಯ ಪಾಲೆಂದರೆ ಸುಮಾರು ೮ ಚದರ ಸೆಂಟಿಮೀಟರು. ಇದರ ಇಮ್ಮಡಿಯಿಂದ, ಎಂದರೆ ೪ ಸೆಂಟಿಮೀಟರು ಎತ್ತರ, ೪ ಸೆಂಟಿಮೀಟರು ಅಗಲದ ಅಲಗಿನಿಂದ ಪ್ರಯೋಗ ಆರಂಭಿಸಿರಿ. ಪ್ಲಾಸ್ಟಿಕ್ ಡಬ್ಬದ ಗಟ್ಟಿ ಹಾಳೆಯನ್ನು ಕತ್ತರಿಸಿ ಹಳೆಯ ಅಲಗಿಗೆ ಅಂಟಿಸಿದರೂ ಪರೀಕ್ಷೆಗೆ ಸಾಕು. ಗುಣ ಕಂಡ ಮೇಲೆ ಹಿತ್ತಾಳೆಯ ತಗಡಿನಲ್ಲಿ ಮಾಡಿದರಾಯಿತು. ಅಲಗಿನ ಐದನೆಯ ಒಂದು ಪಾಲು ದಂಡಕ್ಕಿಂತ ಮುಂದಿರಲಿ. ಆಗ ನೀರೇ ತಿರುಗಿಸಲು ಒಂದಿಷ್ಟು ನೆರವಾಗಿ ಸರ್ವೋವಿನ ಭಾರ ಇಳಿಯುತ್ತದೆ. ಒಂಬತ್ತು ಗ್ರಾಮಿನ ಚಿಕ್ಕ ಸರ್ವೋ ಕೂಡ ನಿಧಾನದ ಟಗ್ಗಿಗೆ ಸಾಕಾದೀತು.

ಅಳತೆಗಿಂತಲೂ ಸ್ಥಳ ಮುಖ್ಯ. ಪ್ರೊಪೆಲ್ಲರು ಹಿಂದಕ್ಕೆ ದೂಡುವ ನೀರಿನ ಧಾರೆಗೆ ಚುಕ್ಕಾಣಿ ಸರಿಯಾಗಿ ಎದುರು ನಿಲ್ಲಬೇಕು. ಎತ್ತರ ಪ್ರೊಪೆಲ್ಲರಿನ ವ್ಯಾಸಕ್ಕಿಂತ ಕಡಿಮೆಯಾಗಬಾರದು. ಈ ಧಾರೆಯೇ ಟಗ್ಗಿನ ಜೀವ. ದೋಣಿ ನಿಂತಿದ್ದರೂ ಪ್ರೊಪೆಲ್ಲರು ತಿರುಗಿದೊಡನೆ ಚುಕ್ಕಾಣಿಯ ಮೇಲೆ ನೀರು ಹಾಯುತ್ತದೆ. ಮೋಟಾರು ನಿಂತಿತೋ, ಚುಕ್ಕಾಣಿಯ ಬಲದ ಬಹುಪಾಲು ಅದರೊಡನೆ ಹೋಯಿತು. ಹೊಸಬರು ಇಲ್ಲಿಯೇ ಎಡವುವುದು. ದಡ ಹತ್ತಿರ ಬಂತೆಂದು ಹೆದರಿ ಮೋಟಾರು ನಿಲ್ಲಿಸಿ ಚುಕ್ಕಾಣಿ ತಿರುಗಿಸುತ್ತಾರೆ. ದೋಣಿ ಕಿವುಡನಂತೆ ನೇರ ಹೋಗಿ ಕಲ್ಲಿಗೆ ಬಡಿಯುತ್ತದೆ. ಬಂದರಿನ ಅನುಭವಸ್ಥರು ಮಾಡುವುದು ಬೇರೆ. ಮೊದಲೇ ವೇಗ ತಗ್ಗಿಸಿ, ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿಟ್ಟು, ಅನಂತರ ಯಂತ್ರಕ್ಕೆ ಒಂದೆರಡು ಗಳಿಗೆಯ ಗುದ್ದು ಕೊಡುತ್ತಾರೆ. ಮುಂದಕ್ಕೆ ವೇಗ ಬರುವ ಮೊದಲೇ ಹಿಂಬದಿ ಪಕ್ಕಕ್ಕೆ ಸರಿದು ಮೂತಿ ತಿರುಗಿರುತ್ತದೆ.

ಹಿಂಬದಿ ಸರಿಯುವುದೆಂದೆನಲ್ಲವೇ, ಅದನ್ನೂ ಹುಡುಗ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ದೋಣಿ ಮೋಟಾರುಗಾಡಿಯಂತೆ ಮೂತಿಯಿಂದ ತಿರುಗುವುದಿಲ್ಲ. ಚುಕ್ಕಾಣಿ ಹಿಂಬದಿಯನ್ನು ಹೊರಕ್ಕೆ ದೂಡುತ್ತದೆ. ಮುಂಬದಿಯಿಂದ ಮೂರನೆಯ ಒಂದು ಪಾಲಿನ ಹತ್ತಿರ ಗೂಟ ನೆಟ್ಟಂತೆ ಒಡಲು ಸುತ್ತುತ್ತದೆ. ಆದುದರಿಂದ ಬಲಕ್ಕೆ ತಿರುಗುವಾಗ ಎಡಪಕ್ಕದ ಹಿಂಬದಿಗೆ ಜಾಗ ಬಿಟ್ಟಿರಬೇಕು. ಹಿಮ್ಮುಖವಾಗಿ ಬರುವಾಗಲಂತೂ ಒಂಟಿ ಪ್ರೊಪೆಲ್ಲರಿನ ದೋಣಿಯಿಂದ ಚುಕ್ಕಾಣಿಯ ವಿಧೇಯತೆಯನ್ನು ನಿರೀಕ್ಷಿಸಬಾರದು. ಮುಂದೆ ಹೋಗುವಾಗ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುವ ಪ್ರೊಪೆಲ್ಲರಾದರೆ, ಹಿಮ್ಮುಖದಲ್ಲಿ ದೋಣಿಯ ಹಿಂಬದಿ ಎಡಕ್ಕೆ ಸರಿಯುತ್ತದೆ. ಇದು ದೋಷವಲ್ಲ, ಸ್ವಭಾವ. ಎಡಕ್ಕೆ ಸರಿಯುವುದೆಂದು ಗೊತ್ತಿದ್ದರೆ ಎಡದಂಡೆಗೆ ದೋಣಿ ತಂದು ನಿಲ್ಲಿಸಲು ಅದನ್ನೇ ಉಪಯೋಗಿಸಿಕೊಳ್ಳಬಹುದು.

ಇನ್ನು ಒಡಲು ಮತ್ತು ತೂಕ. ತುಂಗಭದ್ರೆಯ ಹರಿಗೋಲನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ. ಹುಟ್ಟನ್ನು ತುಸು ತಪ್ಪಿ ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ತಿರುಗುವುದರಲ್ಲಿ ಅದನ್ನು ಮೀರಿಸುವ ದೋಣಿ ಇಲ್ಲ, ನೇರ ಹೋಗುವುದರಲ್ಲಿ ಅದಕ್ಕಿಂತ ಹಟಮಾರಿ ಇಲ್ಲ. ತಳದ ಉದ್ದಕ್ಕೂ ಏಣಿನಂತೆ ಇಳಿದಿರುವ ಕೀಲ್ ಎಂಬ ಪಟ್ಟಿಯುಳ್ಳ ಉದ್ದದ ದೋಣಿ ಇದಕ್ಕೆ ವಿರುದ್ಧ: ಬಾಣದಂತೆ ನೇರ ಹೋದೀತು, ತಿರುಗಲು ಮನಸ್ಸು ಮಾಡದು. ನೇರ ನಡೆಯೂ ಚುರುಕು ತಿರುವೂ ಒಂದಕ್ಕೊಂದು ಸವತಿಯರಿದ್ದಂತೆ. ಇಬ್ಬರನ್ನೂ ಪೂರ್ತಿ ಮೆಚ್ಚಿಸಲಾಗದು, ರಾಜಿ ಮಾಡಿಸಬೇಕು. ಆ ರಾಜಿಗೆ ನಮ್ಮ ಕೈಯಲ್ಲಿರುವ ಸುಲಭ ಸಾಧನ ಬ್ಯಾಟರಿಯ ತೂಕ. ಬ್ಯಾಟರಿ ಮುಂದಿದ್ದು ಮೂತಿ ತಗ್ಗಿದರೆ ದೋಣಿ ಅಲೆಯತೊಡಗುತ್ತದೆ. ಹಿಂದೆ ಸರಿಸಿದರೆ ದಾರಿ ಹಿಡಿಯುತ್ತದೆ, ಆದರೆ ತಿರುವು ದೊಡ್ಡದಾಗುತ್ತದೆ. ಹಿಂಬದಿ ನಾಲ್ಕೈದು ಮಿಲಿಮೀಟರು ಹೆಚ್ಚು ಮುಳುಗುವಂತೆ ಇಟ್ಟು ಆರಂಭಿಸಿರಿ. ಬ್ಯಾಟರಿಯನ್ನು ತಳಕ್ಕೆ ಒತ್ತಿ, ಜರುಗದಂತೆ ಕಟ್ಟಿರಿ. ತೂಕ ಮೇಲಿದ್ದರೆ ದೋಣಿ ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ಇದನ್ನೆಲ್ಲ ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿಯೇ ನೋಡಬಹುದು, ತಾಯಂದಿರ ಅಪ್ಪಣೆ ಪಡೆದು.

ವೇಗದ ಮಾತನ್ನೂ ಹೇಳಬೇಕು. ೧೮೭೦ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರು ಉದ್ದನೆಯ ತೊಟ್ಟಿಯಲ್ಲಿ ಮಾದರಿ ದೋಣಿಗಳನ್ನು ಎಳೆಸಿ, ದೊಡ್ಡ ಹಡಗು ಎಬ್ಬಿಸುವಂಥ ಅಲೆಯನ್ನೇ ಚಿಕ್ಕ ಮಾದರಿ ಎಬ್ಬಿಸಬೇಕಾದರೆ ಅದರ ವೇಗ ಎಷ್ಟಿರಬೇಕೆಂಬ ಲೆಕ್ಕವನ್ನು ಬಳಕೆಗೆ ತಂದನು. ಅಳತೆ ಎಷ್ಟು ಪಾಲು ಕುಗ್ಗಿದೆಯೋ ಆ ಸಂಖ್ಯೆಯ ವರ್ಗಮೂಲದಿಂದ ವೇಗವನ್ನು ಭಾಗಿಸಬೇಕು. ನಮ್ಮ ಟಗ್ಗು ಮೂವತ್ತು ಮೀಟರಿನ ದೋಣಿಯ ಐವತ್ತನೆಯ ಒಂದು ಪಾಲು ಎಂದುಕೊಳ್ಳೋಣ. ಐವತ್ತರ ವರ್ಗಮೂಲ ಏಳಕ್ಕಿಂತ ತುಸು ಹೆಚ್ಚು. ನಿಜವಾದ ಟಗ್ಗು ಗಂಟೆಗೆ ೧೨ ನಾಟಿಕಲ್ ಮೈಲಿ ಹೋಗುವುದಾದರೆ ಮಾದರಿ ಹತ್ತು ಮೀಟರು ದೂರವನ್ನು ಹನ್ನೊಂದು ಹನ್ನೆರಡು ಸೆಕೆಂಡುಗಳಲ್ಲಿ ದಾಟಬೇಕು. ಎಂದರೆ ಅಜ್ಜಂದಿರ ಸಂಜೆಯ ನಡಿಗೆ. ಹುಡುಗರು ಇದರ ಮೂರರಷ್ಟು ಓಡಿಸಿದಾಗ ಒಡಲು ತನ್ನ ಅಲೆಯನ್ನೇ ಹತ್ತಲಾರದೆ ಹಿಂಬದಿ ಊರಿ, ಮೂತಿ ಎತ್ತಿ, ತಿರುವಿನಲ್ಲಿ ವಾಲಿ ಒದ್ದಾಡುತ್ತದೆ. ದೋಣಿ ಕೆಟ್ಟದ್ದಲ್ಲ, ಟಗ್ಗಿಗೆ ರೇಸಿನ ಕುದುರೆಯ ಕೆಲಸ ಹೇಳಿದಂತಾಯಿತು.

ಕಡೆಗೆ ನಡೆಸುವವನ ಕೈ. ದೋಣಿ ನಮಗೆ ಬೆನ್ನು ಮಾಡಿ ಹೋಗುವಾಗ ಎಲ್ಲವೂ ಸರಿ. ತಿರುಗಿ ನಮ್ಮತ್ತ ಬರತೊಡಗಿತೋ, ಅದರ ಎಡ ನಮ್ಮ ಬಲವಾಗುತ್ತದೆ. ಎಂಥ ಬುದ್ಧಿವಂತನೂ ಗಲಿಬಿಲಿಗೊಳ್ಳುತ್ತಾನೆ. ಇದಕ್ಕೊಂದು ಸುಲಭ ಸೂತ್ರವಿದೆ. ಎದುರು ಬರುವ ದೋಣಿ ನಿಮ್ಮ ಯಾವ ಕೈಯ ಕಡೆಗೆ ದಾರಿ ತಪ್ಪುತ್ತಿದೆಯೋ, ಕಡ್ಡಿಯನ್ನು ಆ ಕೈಯ ಕಡೆಗೇ ಒತ್ತಿರಿ. ನಿಮ್ಮ ಎಡಕ್ಕೆ ಸರಿದರೆ ಎಡಕ್ಕೆ. ಅದು ಮರಳಿ ದಾರಿಗೆ ಬರುವುದು. ಎರಡು ತೇಲುವ ಬಾಟಲಿಗಳನ್ನು ಕಲ್ಲು ಕಟ್ಟಿ ಐದು ಮೀಟರು ಅಂತರದಲ್ಲಿ ನಿಲ್ಲಿಸಿ, ಅವುಗಳ ಸುತ್ತ ಎಂಟರ ಆಕಾರದಲ್ಲಿ ಅರ್ಧ ಗಂಟೆ ನಡೆಸಿದರೆ ಬೆರಳಿಗೆ ಬುದ್ಧಿ ಬರುತ್ತದೆ.

ಮೇಲಿನ ಬದಲಾವಣೆಗಳನ್ನು ಒಂದೇ ದಿನ ಎಲ್ಲವನ್ನೂ ಮಾಡಬೇಡಿ. ಒಂದು ಮಾಡಿ, ನೀರಿಗೆ ಬಿಟ್ಟು, ಪೂರ್ಣ ತಿರುವಿನ ವೃತ್ತ ಎಷ್ಟು ದೋಣಿಯುದ್ದ ಅಗಲವಿದೆಯೆಂದು ಅಂದಾಜು ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಅನಂತರ ಮುಂದಿನದು. ಯಾವುದರಿಂದ ಏನಾಯಿತೆಂಬುದು ಆಗ ಮಾತ್ರ ತಿಳಿದೀತು. ಇಷ್ಟೆಲ್ಲ ಮಾಡಿಯೂ ಸರ್ವೋ ಏದುಸಿರು ಬಿಡುತ್ತಿದ್ದರೆ ಆಗ ಹೊಸದನ್ನು ಕೊಳ್ಳಬಹುದು. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಪುಣೆಯಲ್ಲಿ ತಪಕೀರ್ ಗಲ್ಲಿ, ಮದರಾಸಿನ ರಿಚಿ ಸ್ಟ್ರೀಟ್, ದಿಲ್ಲಿಯ ಲಾಜಪತರಾಯ್ ಮಾರ್ಕೆಟ್ಟುಗಳಲ್ಲಿ ವಿಚಾರಿಸಬಹುದು. ಆಗ ಖರ್ಚು ಮಾಡುವ ತಂದೆಗೂ ಏಕೆ ಕೊಳ್ಳುತ್ತಿದ್ದೇವೆಂಬುದು ಗೊತ್ತಿರುತ್ತದೆ, ಕೇಳುವ ಮಗನಿಗೂ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಡುನೀರಿನಲ್ಲಿ ದೋಣಿ ನಿಂತುಹೋದರೆ ಯಾವ ಹುಡುಗನೂ ಅದನ್ನು ತರಲು ನೀರಿಗೆ ಇಳಿಯಕೂಡದು. ನಮ್ಮ ಊರುಗಳ ಕೊಳಗಳಲ್ಲಿ ಕೆಸರೆಷ್ಟು, ಜೊಂಡೆಷ್ಟು, ಆಳವೆಷ್ಟೆಂದು ಮೇಲಿನಿಂದ ತಿಳಿಯದು. ಮೀನಿನ ಗಾಳದ ದಾರಕ್ಕೆ ಹಳೆಯ ಟೆನಿಸ್ ಚೆಂಡು ಕಟ್ಟಿ ಜೊತೆಯಲ್ಲಿ ಒಯ್ಯಿರಿ. ದೋಣಿಯಾಚೆ ಎಸೆದು ಮೆಲ್ಲಗೆ ಎಳೆದರೆ ದಾರಕ್ಕೆ ಸಿಕ್ಕಿ ಅದು ದಡ ಸೇರುತ್ತದೆ. ಕೊಳದ ಮೇಲ್ವಿಚಾರಕರ ಅನುಮತಿ ಕೇಳಿ, ಈಜುವವರಿಂದ ದೂರವಿದ್ದು, ಹಿರಿಯರೊಬ್ಬರು ಜೊತೆಯಲ್ಲಿದ್ದಾಗಲೇ ದೋಣಿ ಬಿಡಬೇಕು. ದೋಣಿ ಹೋದರೆ ಇನ್ನೊಂದು ಕಟ್ಟಬಹುದು.

ತಮ್ಮ ದೋಣಿಯ ಉದ್ದ, ಚುಕ್ಕಾಣಿಯ ಅಳತೆ, ಬದಲಾವಣೆಗೆ ಮೊದಲಿನ ಮತ್ತು ಅನಂತರದ ತಿರುವು, ಇಷ್ಟನ್ನು ಬರೆದು ಕಳುಹಿಸುವ ಬಾಲಕ ಬಾಲಕಿಯರ ಟಿಪ್ಪಣಿಗಳಿಗೆ ಈ ಅಂಕಣದಲ್ಲಿ ಸ್ಥಳ ಉಂಟು. ಪ್ರೊಪೆಲ್ಲರಿನ ದಂಡದ ಕೊಳವೆಯಿಂದ ನೀರು ಒಳಗೆ ಬಾರದಂತೆ ತಡೆಯುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.